ಲೆಕ್ಕಕ್ಕುಂಟು, ಆಟಕ್ಕಿಲ್ಲ: ಸಿಡ್ನಿ, ಮೆಲ್ಬರ್ನ್ ವಿಶ್ವವಿದ್ಯಾನಿಲಯಗಳ ಕ್ರೀಡಾಹಣದ ಚರಿತ್ರೆ



ಸಾಹಿತ್ಯ, ಸಂಗೀತ, ಶಾಸನ, ಶಿಲ್ಪ ಇವುಗಳನ್ನು ಕುರಿತ ಉಪನ್ಯಾಸಗಳು ಕನ್ನಡ ವೇದಿಕೆಗಳಲ್ಲಿ ವಾಡಿಕೆಯಾಗಿವೆ. ಇಂದು ನಾವು ಆರಿಸಿಕೊಂಡ ವಿಷಯವಾದರೋ ಹಣಕಾಸಿಗೆ ಸಂಬಂಧಿಸಿದ್ದು; ಮೊದಲ ನೋಟಕ್ಕೆ ಒಣ ವಿಷಯವೆಂದು ತೋರಬಹುದು. ಆದರೆ ಇದು ನಮ್ಮೆಲ್ಲರ ಮನೆಗಳನ್ನು ಮುಟ್ಟುವ ವಿಷಯ. ನಮ್ಮ ಮಕ್ಕಳು ಸಿಡ್ನಿ, ಮೆಲ್ಬರ್ನ್‌ಗಳ ವಿಶ್ವವಿದ್ಯಾನಿಲಯಗಳಿಗೆ ಸೇರಿದಾಗ ಬೋಧನಾ ಶುಲ್ಕವಲ್ಲದೆ ವಿದ್ಯಾರ್ಥಿ ಸೇವೆ ಮತ್ತು ಸೌಕರ್ಯಗಳ ಶುಲ್ಕವೆಂಬ ಇನ್ನೊಂದು ಬಾಬನ್ನು ಅವರ ಮೇಲೆ ಹೊರಿಸಲಾಗುತ್ತದೆ. 2025ನೆಯ ವರ್ಷಕ್ಕೆ ಅದರ ಗರಿಷ್ಠ ಮಿತಿ 365 ಡಾಲರು ಆಗಿತ್ತು. ಆ ಹಣದಲ್ಲಿ ಒಂದು ಪಾಲು ಕ್ರೀಡೆಗೆ ಹೋಗುತ್ತದೆ. ಆಡುವವನೂ ಕೊಡುತ್ತಾನೆ, ಆಡದವಳೂ ಕೊಡುತ್ತಾಳೆ.

'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎಂಬ ಮಾತು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಚಿಕ್ಕ ಮಗು ಹಟ ಹಿಡಿದಾಗ ದೊಡ್ಡ ಮಕ್ಕಳು ಅದನ್ನು ಆಟಕ್ಕೆ ಸೇರಿಸಿಕೊಳ್ಳುತ್ತಾರೆ. ಆದರೆ ಅದು ಔಟಾದರೂ ಔಟಲ್ಲ, ಗೆದ್ದರೂ ಗೆಲುವಲ್ಲ. ವಿಶ್ವವಿದ್ಯಾನಿಲಯದ ಕ್ರೀಡೆಯಲ್ಲಿ ಹೆಚ್ಚಿನ ವಿದ್ಯಾರ್ಥಿಗಳ ಸ್ಥಿತಿ ಇದಕ್ಕೆ ತಿರುಗುಮುರುಗು. ಅವರು ಲೆಕ್ಕಕ್ಕುಂಟು, ಆಟಕ್ಕಿಲ್ಲ. ಹಣ ಕೊಡುವವರು ಯಾರು, ಆಡುವವರು ಯಾರು, ಲೆಕ್ಕ ನೋಡುವವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಈ ಎರಡು ನಗರಗಳಲ್ಲಿ ಕಾಲಕಾಲಕ್ಕೆ ದೊರೆತ ಉತ್ತರಗಳನ್ನು ಪರಿಶೀಲಿಸುವುದೇ ಇಂದಿನ ನಮ್ಮ ಉದ್ದೇಶ.

ವಂತಿಗೆಯ ಕಾಲ

ಸಿಡ್ನಿ ವಿಶ್ವವಿದ್ಯಾನಿಲಯವು 1850ರಲ್ಲಿಯೂ ಮೆಲ್ಬರ್ನ್ ವಿಶ್ವವಿದ್ಯಾನಿಲಯವು 1853ರಲ್ಲಿಯೂ ಸ್ಥಾಪನೆಗೊಂಡವು. ವಿದ್ಯಾರ್ಥಿಗಳ ಸಂಖ್ಯೆ ಬೆರಳೆಣಿಕೆಯಷ್ಟಿದ್ದ ಆ ಮೊದಲ ವರ್ಷಗಳಲ್ಲಿಯೇ ಆಟದ ಕೂಟಗಳು ಹುಟ್ಟಿಕೊಂಡದ್ದು ಗಮನಾರ್ಹ. ಸಿಡ್ನಿಯ ಕ್ರಿಕೆಟ್ ಕ್ಲಬ್ಬು ತನ್ನ ಆರಂಭವನ್ನು 1854ಕ್ಕೆ ಗುರುತಿಸುತ್ತದೆ. ಅಲ್ಲಿನ ರಗ್ಬಿ ಕ್ಲಬ್ಬು 1863ಕ್ಕೆ. ಮೆಲ್ಬರ್ನ್‌ನಲ್ಲಿ ದೋಣಿ ಕ್ಲಬ್ಬೂ ಫುಟ್‌ಬಾಲ್ ಕ್ಲಬ್ಬೂ 1859ರಷ್ಟು ಹಳೆಯವು. 1870ರ ಡಿಸೆಂಬರ್ ತಿಂಗಳಲ್ಲಿ ಎರಡು ವಿಶ್ವವಿದ್ಯಾನಿಲಯಗಳ ದೋಣಿಗಾರರು ಮೆಲ್ಬರ್ನ್‌ನ ಯಾರಾ ನದಿಯಲ್ಲಿ ಮೊದಲ ಬಾರಿಗೆ ಪರಸ್ಪರ ಸ್ಪರ್ಧಿಸಿದರು. ಈ ದೇಶದ ಅಂತರ ವಿಶ್ವವಿದ್ಯಾನಿಲಯ ಕ್ರೀಡೆಯ ಚರಿತ್ರೆ ಆ ನದಿಯಿಂದ ಆರಂಭವಾಗುತ್ತದೆ ಎನ್ನಬಹುದು.

ಆ ಕಾಲದ ಕ್ಲಬ್ಬುಗಳ ಹಣಕಾಸಿನ ಕ್ರಮ ಸರಳವಾದದ್ದು. ಆಡುವವರು ತಾವೇ ಚಂದಾ ಹಾಕಿಕೊಂಡರು. ಹಳೆಯ ವಿದ್ಯಾರ್ಥಿಗಳೂ ಕೆಲವು ಪ್ರಾಧ್ಯಾಪಕರೂ ನೆರವಾದರು. ನಮ್ಮ ಊರುಗಳಲ್ಲಿ ರಥೋತ್ಸವಕ್ಕೆ ಮನೆಮನೆಯಿಂದ ಎತ್ತುವ ವಂತಿಗೆಯಂಥದು ಇದು. ವಂತಿಗೆಯ ಗುಣವೇನೆಂದರೆ, ಕೊಟ್ಟವನ ಕಣ್ಣೆದುರಿಗೇ ಹಣ ಖರ್ಚಾಗುತ್ತದೆ. ತೇರಿನ ಹಗ್ಗ ಹೊಸದೋ ಹಳೆಯದೋ ಎಂಬುದನ್ನು ತಿಳಿಯಲು ಯಾರೂ ಲೆಕ್ಕದ ಪುಸ್ತಕ ತೆಗೆಯಬೇಕಾಗಿಲ್ಲ. ಎಳೆಯುವ ಕೈಗೆ ಅದು ಗೊತ್ತಾಗುತ್ತದೆ. ಅದೇ ರೀತಿ ಹುಟ್ಟು ಹಾಕುವವನಿಗೆ ದೋಣಿಗೆ ಎಷ್ಟು ಹಣ ಹೋಯಿತೆಂಬುದು ತಿಳಿದೇ ಇರುತ್ತಿತ್ತು. ಕೊಡುವವನು, ಆಡುವವನು, ಲೆಕ್ಕ ನೋಡುವವನು, ಈ ಮೂವರೂ ಒಬ್ಬನೇ ಆಗಿದ್ದ ಕಾಲ ಅದು.

ಇದೇ ಶತಮಾನದಲ್ಲಿ ಅಮೆರಿಕದಲ್ಲಿ ನಡೆದುದನ್ನು ಪಕ್ಕದಲ್ಲಿರಿಸಿ ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಅಲ್ಲಿನ ಮೊದಲ ಅಂತರ ಕಾಲೇಜು ಸ್ಪರ್ಧೆಯೂ ದೋಣಿ ಪಂದ್ಯವೇ. ಹಾರ್ವರ್ಡ್ ಮತ್ತು ಯೇಲ್ ವಿದ್ಯಾರ್ಥಿಗಳು 1852ರಲ್ಲಿ ನ್ಯೂ ಹ್ಯಾಂಪ್‌ಷೈರ್‌ನ ಒಂದು ಸರೋವರದಲ್ಲಿ ಸ್ಪರ್ಧಿಸಿದರು. ಅವರ ಖರ್ಚನ್ನು ಹೊತ್ತದ್ದು ಒಂದು ರೈಲ್ವೆ ಕಂಪೆನಿ; ಪಂದ್ಯ ನೋಡಲು ಜನ ರೈಲು ಹತ್ತಿ ಬರುತ್ತಾರೆಂಬುದು ಅದರ ಲೆಕ್ಕಾಚಾರ. ಹೀಗೆ ಅಮೆರಿಕದ ಕಾಲೇಜು ಕ್ರೀಡೆ ಹುಟ್ಟಿದ ದಿನವೇ ಹೊರಗಿನ ಹಣದ ಕೈ ಹಿಡಿಯಿತು. ಆಸ್ಟ್ರೇಲಿಯದ ಕ್ರೀಡೆ ಒಳಗಿನ ವಂತಿಗೆಯನ್ನು ನೆಚ್ಚಿ ಬೆಳೆಯಿತು. ಮುಂದಿನ ಒಂದೂವರೆ ಶತಮಾನದಲ್ಲಿ ಎರಡೂ ದೇಶಗಳ ದಾರಿ ಕವಲೊಡೆದುದಕ್ಕೆ ಇದೊಂದೇ ಕಾರಣವಲ್ಲದಿದ್ದರೂ, ಮೊದಲ ಹೆಜ್ಜೆಯ ಗುರುತು ಇಲ್ಲಿದೆ.

ಕ್ಲಬ್ಬುಗಳು ಹೆಚ್ಚಿದಂತೆ ಮೈದಾನ, ದೋಣಿಮನೆ, ಪ್ರಯಾಣದ ವೆಚ್ಚ ಇವುಗಳನ್ನು ಒಟ್ಟಾಗಿ ನಿರ್ವಹಿಸುವ ಅಗತ್ಯ ಕಾಣಿಸಿಕೊಂಡಿತು. 1890ರಲ್ಲಿ ಸಿಡ್ನಿ ವಿಶ್ವವಿದ್ಯಾನಿಲಯದ ಕ್ರೀಡಾ ಒಕ್ಕೂಟವು ಸ್ಥಾಪನೆಯಾಯಿತು. ಅದು ಪುರುಷರ ಒಕ್ಕೂಟ. ವಿದ್ಯಾರ್ಥಿನಿಯರು 1910ರಲ್ಲಿ ತಮ್ಮದೇ ಆದ ಮಹಿಳಾ ಕ್ರೀಡಾ ಸಂಘವನ್ನು ಕಟ್ಟಿಕೊಂಡರು. ಈ ಎರಡು ಸಂಸ್ಥೆಗಳು ಒಂದಾದದ್ದು 2003ರಲ್ಲಿ. ಅಂದರೆ ತೊಂಬತ್ತು ವರ್ಷಗಳಿಗೂ ಮೀರಿದ ಕಾಲ ಒಂದೇ ವಿಶ್ವವಿದ್ಯಾನಿಲಯದಲ್ಲಿ ಗಂಡಸರ ಆಟಕ್ಕೊಂದು ಸಂಸ್ಥೆ, ಹೆಂಗಸರ ಆಟಕ್ಕೊಂದು ಸಂಸ್ಥೆ. ಪ್ರತ್ಯೇಕತೆಯಲ್ಲಿ ನಷ್ಟವಿದ್ದರೂ ಒಂದು ಲಾಭವನ್ನು ಅಲ್ಲಗಳೆಯುವಂತಿಲ್ಲ: ಮಹಿಳಾ ಕ್ರೀಡೆಗೆ ತನ್ನದೇ ಸಮಿತಿ, ತನ್ನದೇ ಲೆಕ್ಕವಿತ್ತು, ಆ ಲೆಕ್ಕ ಇನ್ನೊಂದು ದೊಡ್ಡ ಲೆಕ್ಕದೊಳಗೆ ಕರಗಿಹೋಗುತ್ತಿರಲಿಲ್ಲ.

ಹಣವನ್ನು ನಿರಾಕರಿಸಿದ ತಂಡ

ಈ ಚರಿತ್ರೆಯಲ್ಲಿ ಎಲ್ಲರೂ ತಿಳಿದಿರಬೇಕಾದ ಒಂದು ಅಧ್ಯಾಯ ಮೆಲ್ಬರ್ನ್ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ತಂಡದ್ದು. ಇಂದು ಲಕ್ಷಾಂತರ ಜನ ನೋಡುವ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್ ಆಗ ವಿಕ್ಟೋರಿಯನ್ ಫುಟ್‌ಬಾಲ್ ಲೀಗ್ ಎಂದು ಹೆಸರಾಗಿತ್ತು. 1908ರಲ್ಲಿ ರಿಚ್‌ಮಂಡ್ ತಂಡದೊಂದಿಗೆ ವಿಶ್ವವಿದ್ಯಾನಿಲಯದ ತಂಡಕ್ಕೂ ಅದರಲ್ಲಿ ಪ್ರವೇಶ ದೊರೆಯಿತು. ಹಗಲು ವೈದ್ಯಶಾಸ್ತ್ರವನ್ನೋ ಕಾನೂನನ್ನೋ ಓದುವ ತರುಣರು ಶನಿವಾರ ನಗರದ ಅತ್ಯಂತ ಬಲಿಷ್ಠ ತಂಡಗಳೆದುರು ಮೈದಾನಕ್ಕಿಳಿಯುತ್ತಿದ್ದರು. ಮೊದಲ ಕೆಲವು ವರ್ಷ ಅವರು ತಕ್ಕ ಮಟ್ಟಿಗೆ ಎದುರಾಳಿಗಳಾಗಿಯೂ ನಿಂತರು.

ಆ ದಿನಗಳಲ್ಲಿ ಆಟಗಾರರಿಗೆ ಹಣ ಕೊಡಲು ನಿಯಮದಲ್ಲಿ ಅವಕಾಶವಿರಲಿಲ್ಲ. ಆದರೂ ಹಲವು ಕ್ಲಬ್ಬುಗಳು ಖರ್ಚುವೆಚ್ಚವೆಂಬ ಹೆಸರಿನಲ್ಲಿ ಹಣ ಕೊಡುತ್ತಿದ್ದವು. ಲೆಕ್ಕದ ಪುಸ್ತಕದಲ್ಲಿ ಒಂದು, ನಡೆಯುತ್ತಿದ್ದದ್ದು ಇನ್ನೊಂದು. 1911ರಲ್ಲಿ ಲೀಗ್ ಈ ಮುಸುಕನ್ನು ತೆಗೆದು ಆಟಗಾರರಿಗೆ ಸಂಭಾವನೆ ಕೊಡುವುದನ್ನು ಅಧಿಕೃತಗೊಳಿಸಿತು. ಗುಟ್ಟಾಗಿದ್ದುದು ಬಹಿರಂಗವಾಯಿತು ಎಂಬ ದೃಷ್ಟಿಯಿಂದ ಅದು ಪ್ರಾಮಾಣಿಕವಾದ ಕ್ರಮವೇ. ಆದರೆ ವಿಶ್ವವಿದ್ಯಾನಿಲಯದ ತಂಡ ಹಣ ಕೊಡಲು ಒಪ್ಪಲಿಲ್ಲ. ವಿದ್ಯಾರ್ಥಿಯು ಆಟವನ್ನು ಆಟಕ್ಕಾಗಿಯೇ ಆಡಬೇಕೆಂಬ ನಿಲುವನ್ನು ಅದು ಬಿಡಲಿಲ್ಲ.

ಪರಿಣಾಮ ಶೀಘ್ರವೇ ಕಾಣಿಸಿತು. ಸಂಭಾವನೆ ಕೊಡುವ ತಂಡಗಳು ಬಲಗೊಂಡವು. ಅಭ್ಯಾಸಕ್ಕಿಂತ ಪರೀಕ್ಷೆ ಮುಖ್ಯವಾಗಿದ್ದ ತರುಣರು ಹಿಂದೆ ಬಿದ್ದರು. ಕೊನೆಯ ವರ್ಷಗಳಲ್ಲಿ ಆ ತಂಡ ಸತತವಾಗಿ 51 ಪಂದ್ಯಗಳನ್ನು ಸೋತಿತು. ಒಟ್ಟು 126 ಪಂದ್ಯಗಳಲ್ಲಿ ಅದು ಗೆದ್ದದ್ದು 27. 1914ರ ಋತುವಿನ ಕೊನೆಯಲ್ಲಿ ಅದು ಲೀಗನ್ನು ತೊರೆಯಿತು. ಆ ವೇಳೆಗೆ ಮಹಾಯುದ್ಧ ಆರಂಭವಾಗಿತ್ತು. ಆ ಆಟಗಾರರಲ್ಲಿ ಹಲವರು ರಣರಂಗದಲ್ಲಿ ಮಡಿದರು. ಯುದ್ಧಾನಂತರ ವಿಶ್ವವಿದ್ಯಾನಿಲಯದ 'ಬ್ಲ್ಯಾಕ್ಸ್' ಮತ್ತು 'ಬ್ಲೂಸ್' ಎಂಬ ತಂಡಗಳು ಹವ್ಯಾಸಿಗಳ ಸ್ಪರ್ಧೆಯಲ್ಲಿ ಆಡತೊಡಗಿದವು, ಇಂದಿಗೂ ಆಡುತ್ತಿವೆ.

ಇದನ್ನು ಸೋಲಿನ ಕಥೆಯೆಂದು ಕೆಲವರು ಬಗೆಯುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಇದು ಒಂದು ನಿರ್ಣಯದ ಕಥೆ. ಆ ನಿರ್ಣಯವನ್ನು ಮಾಡಿದವರು ಅದರ ಬೆಲೆಯನ್ನೂ ತಾವೇ ತೆತ್ತರು. ಇತರ ವಿದ್ಯಾರ್ಥಿಗಳ ಶುಲ್ಕದಿಂದ ಹಣ ತೆಗೆದು ಆಟಗಾರರನ್ನು ಕೊಂಡುತಂದು ಲೀಗಿನಲ್ಲಿ ಉಳಿಯುವ ದಾರಿಯನ್ನು ಹಿಡಿಯಲಿಲ್ಲ. ಆಸ್ಟ್ರೇಲಿಯದ ವಿಶ್ವವಿದ್ಯಾನಿಲಯ ಕ್ರೀಡೆ ಹವ್ಯಾಸಿ ಕ್ರೀಡೆಯಾಗಿಯೇ ಉಳಿಯಲು 1914ರ ಆ ನಿರ್ಗಮನವೂ ಒಂದು ಕಾರಣವಾಯಿತು.

ಎಲ್ಲರೂ ಕೊಡುವ ಕಾಲ

ಇಪ್ಪತ್ತನೆಯ ಶತಮಾನ ಮುಂದುವರಿದಂತೆ ವಂತಿಗೆಯ ಸ್ಥಾನವನ್ನು ಕಡ್ಡಾಯ ಶುಲ್ಕ ಆಕ್ರಮಿಸಿತು. ವಿದ್ಯಾರ್ಥಿಯಾಗಿ ಸೇರುವ ಪ್ರತಿಯೊಬ್ಬರೂ ವಿದ್ಯಾರ್ಥಿ ಒಕ್ಕೂಟಕ್ಕೂ ಕ್ರೀಡಾ ಸಂಸ್ಥೆಗೂ ಸೇರಿದಂತೆ ಒಂದು ಮೊತ್ತವನ್ನು ಕೊಡಬೇಕು; ಅದರಿಂದ ಉಪಾಹಾರ ಗೃಹ, ಚರ್ಚಾಕೂಟ, ಕಾನೂನು ನೆರವು, ಶಿಶುವಿಹಾರ, ವ್ಯಾಯಾಮಶಾಲೆ, ಈಜುಕೊಳ, ಮೈದಾನ ಇವೆಲ್ಲ ನಡೆಯಬೇಕು. ವಿಟ್ಲಮ್ ಸರಕಾರವು 1974ರಲ್ಲಿ ಬೋಧನಾ ಶುಲ್ಕವನ್ನೇ ರದ್ದುಪಡಿಸಿದಾಗಲೂ ಈ ಶುಲ್ಕ ಉಳಿಯಿತು. 1989ರಲ್ಲಿ ಬೋಧನೆಗೆ ಮತ್ತೆ ವರ್ಷಕ್ಕೆ 1,800 ಡಾಲರು ಗೊತ್ತುಪಡಿಸಿದಾಗಲೂ ಇದು ಅದರ ಜೊತೆಯಲ್ಲಿ ನಡೆಯಿತು. ನಮ್ಮಲ್ಲಿ 1970, 80ರ ದಶಕಗಳಲ್ಲಿ ಇಲ್ಲಿಗೆ ಓದಲು ಬಂದವರಿಗೆ ಇದರ ನೆನಪಿರಬಹುದು.

ಕಡ್ಡಾಯ ಶುಲ್ಕದಿಂದ ಆದ ಒಳಿತು ಸಣ್ಣದಲ್ಲ. ಒಂದು ಈಜುಕೊಳವನ್ನು ಐವತ್ತು ಜನ ವಂತಿಗೆ ಹಾಕಿ ಕಟ್ಟಲಾಗದು. ಇಪ್ಪತ್ತು ಸಾವಿರ ಜನ ಸ್ವಲ್ಪ ಸ್ವಲ್ಪ ಕೊಟ್ಟರೆ ಕಟ್ಟಬಹುದು. ಬಡವರ ಮನೆಯ ಹುಡುಗನೂ ದೋಣಿ ನಡೆಸಬಹುದಾದದ್ದು, ಜನಪ್ರಿಯವಲ್ಲದ ಆಟಗಳೂ ಉಳಿದುಕೊಂಡದ್ದು ಈ ಸಾಮೂಹಿಕ ಹಣದಿಂದ. ಆದರೆ ಹಳೆಯ ವಂತಿಗೆಯಲ್ಲಿದ್ದ ಒಂದು ಗುಣ ಇಲ್ಲಿ ತಪ್ಪಿಹೋಯಿತು. ಕೊಡುವವನು ಬೇರೆ, ಆಡುವವನು ಬೇರೆ ಆದರು. ಲೆಕ್ಕ ನೋಡಬೇಕಾದವನು ಯಾರೆಂಬುದು ಅಸ್ಪಷ್ಟವಾಯಿತು. ಸರ್ವಸದಸ್ಯರ ಸಭೆ ಕರೆದರೆ ಬರುವವರು ಕೆಲವರು. ವಾರ್ಷಿಕ ವರದಿ ಅಚ್ಚಾದರೆ ಓದುವವರು ಇನ್ನೂ ಕೆಲವರು. ಸಂಜೆ ಕೆಲಸಕ್ಕೆ ಹೋಗಿ ಓದುವ ವಿದ್ಯಾರ್ಥಿನಿಯು ತನ್ನ ಹಣ ಎಲ್ಲಿ ಹೋಯಿತೆಂದು ಕೇಳಲು ಸಮಯವೆಲ್ಲಿ?

ಇಂಥ ಸ್ಥಿತಿಯಲ್ಲಿ ಅಸಮಾಧಾನ ಬೆಳೆಯುವುದು ಸಹಜ. 1994ರಲ್ಲಿ ವಿಕ್ಟೋರಿಯದ ಕೆನೆಟ್ ಸರಕಾರವು ಕಡ್ಡಾಯ ಶುಲ್ಕವನ್ನು ಯಾವ ಯಾವ ಬಾಬಿಗೆ ಬಳಸಬಹುದೆಂಬುದಕ್ಕೆ ಶಾಸನದ ಮೂಲಕ ಮಿತಿ ಹಾಕಿತು. 1999ರಲ್ಲಿ ಹೋವರ್ಡ್ ಸರಕಾರವು ಇಡೀ ದೇಶದಲ್ಲಿ ಇಂಥ ಶುಲ್ಕವನ್ನು ಐಚ್ಛಿಕಗೊಳಿಸಲು ಯತ್ನಿಸಿ ಸೆನೆಟ್‌ನಲ್ಲಿ ವಿಫಲವಾಯಿತು. ಈ ಚಳವಳಿಯ ಹಿಂದೆ ರಾಜಕೀಯ ಉದ್ದೇಶಗಳಿದ್ದವೆಂಬುದು ಗುಟ್ಟೇನಲ್ಲ. ವಿದ್ಯಾರ್ಥಿ ಒಕ್ಕೂಟಗಳ ರಾಜಕೀಯ ಆಡಳಿತ ಪಕ್ಷಕ್ಕೆ ಹಿತವಾಗಿರಲಿಲ್ಲ. ಆದರೆ ಒಕ್ಕೂಟಗಳು ಕೂಡ ತಮ್ಮ ವಿರೋಧಿಗಳ ಕೈಗೆ ಅಸ್ತ್ರವನ್ನು ಒದಗಿಸಿಕೊಟ್ಟವು. 2004ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಒಕ್ಕೂಟವು ಹಣಕಾಸಿನ ದುರಾಡಳಿತದ ಆರೋಪಗಳ ನಡುವೆ ನ್ಯಾಯಾಲಯದ ಆದೇಶದಂತೆ ಸಮಾಪನಗೊಂಡಿತು. ವಿದ್ಯಾರ್ಥಿಗಳ ವಸತಿಗೆ ಸಂಬಂಧಿಸಿದ ಒಂದು ದೊಡ್ಡ ಕರಾರು ಅದನ್ನು ಮುಳುಗಿಸಿದ ಮುಖ್ಯ ಸಂಗತಿಗಳಲ್ಲಿ ಒಂದು. ಕ್ರೀಡಾ ಕ್ಲಬ್ಬುಗಳಿಗೂ ಆ ಕರಾರಿಗೂ ಸಂಬಂಧವಿರಲಿಲ್ಲ. ಆದರೂ ಕಡ್ಡಾಯ ಶುಲ್ಕವೆಂದರೆ ಲೆಕ್ಕವಿಲ್ಲದ ಹಣವೆಂಬ ಭಾವನೆ ಸಾರ್ವಜನಿಕರಲ್ಲಿ ಗಟ್ಟಿಯಾಗಲು ಅದೊಂದು ಪ್ರಕರಣ ಸಾಕಾಯಿತು.

ಯಾರೂ ಕೊಡದ ಕಾಲ

2005ರಲ್ಲಿ ಶಿಕ್ಷಣ ಸಚಿವ ಬ್ರೆಂಡನ್ ನೆಲ್ಸನ್ ಕಡ್ಡಾಯ ಒಕ್ಕೂಟ ಶುಲ್ಕವನ್ನು ರದ್ದುಪಡಿಸುವ ಮಸೂದೆಯನ್ನು ತಂದರು. ಆ ವೇಳೆಗೆ ಈ ಶುಲ್ಕ ಕೆಲವು ವಿಶ್ವವಿದ್ಯಾನಿಲಯಗಳಲ್ಲಿ ವರ್ಷಕ್ಕೆ ಐನೂರು ಡಾಲರನ್ನು ಮೀರಿತ್ತು. ಇದನ್ನು ವಿರೋಧಿಸಿದವರಲ್ಲಿ ಆಡಳಿತ ಪಕ್ಷದ ಕಡೆಯವರೇ ಆದ ಸೆನೆಟರ್ ಬಾರ್ನಬಿ ಜಾಯ್ಸ್ ಒಬ್ಬರು. ಸಣ್ಣ ಊರುಗಳ ವಿಶ್ವವಿದ್ಯಾನಿಲಯಗಳಲ್ಲಿ ಕ್ರೀಡಾ ಸೌಕರ್ಯಗಳು ಈ ಶುಲ್ಕವಿಲ್ಲದೆ ಉಳಿಯಲಾರವು ಎಂಬುದು ಅವರ ಆತಂಕ. ಅವರು ತಮ್ಮ ಪಕ್ಷಗಳ ವಿರುದ್ಧ ಮತ ಹಾಕಿದರು. ಆದರೂ ಫ್ಯಾಮಿಲಿ ಫಸ್ಟ್ ಪಕ್ಷದ ಸೆನೆಟರ್ ಸ್ಟೀವ್ ಫೀಲ್ಡಿಂಗ್ ಅವರ ಮತದ ಬಲದಿಂದ 2005ರ ಡಿಸೆಂಬರ್ 9ರಂದು ಮಸೂದೆ ಅಂಗೀಕಾರವಾಯಿತು. 2006ರ ಜುಲೈ 1ರಿಂದ ಅದು ಜಾರಿಗೆ ಬಂದಿತು. ಪರಿವರ್ತನೆಯ ಕಷ್ಟವನ್ನು ತಗ್ಗಿಸಲು ಕ್ರೀಡಾ ಸೌಕರ್ಯಗಳಿಗೆಂದು ಸುಮಾರು 8 ಕೋಟಿ ಡಾಲರುಗಳ ನಿಧಿಯನ್ನು ಸರಕಾರ ತೆಗೆದಿರಿಸಿತು. ಶುಲ್ಕವನ್ನು ಕಿತ್ತವರೇ ಅದರ ಅಗತ್ಯವನ್ನೂ ಒಪ್ಪಿಕೊಂಡಂತಾಯಿತು.

ಮುಂದಾದದ್ದು ಊಹಿಸಬಹುದಾದದ್ದೇ. ಕ್ಲಬ್ಬುಗಳ ಸದಸ್ಯತ್ವ ಶುಲ್ಕ ಏರಿತು. ಕೆಲವು ಸೇವೆಗಳು ನಿಂತವು. ಕೆಲವು ಕಡೆ ವಿಶ್ವವಿದ್ಯಾನಿಲಯಗಳು ಬೋಧನೆ ಮತ್ತು ಸಂಶೋಧನೆಗಳಿಗೆ ಮೀಸಲಾದ ತಮ್ಮ ಬೊಕ್ಕಸದಿಂದಲೇ ಹಣ ಕೊಟ್ಟು ಕ್ರೀಡೆಯನ್ನು ಉಳಿಸಿಕೊಂಡವು. ವರ್ಷಕ್ಕೆ ಸುಮಾರು 17 ಕೋಟಿ ಡಾಲರು ವಿದ್ಯಾರ್ಥಿ ಸೇವೆಗಳಿಂದ ಹೊರಟುಹೋಯಿತೆಂದು ಮುಂದೆ ಬಂದ ಲೇಬರ್ ಸರಕಾರವು ಅಂದಾಜು ಮಾಡಿತು. ಸಿಡ್ನಿ, ಮೆಲ್ಬರ್ನ್‌ಗಳಂಥ ಹಳೆಯ, ಸಿರಿವಂತ ಸಂಸ್ಥೆಗಳು ಹೇಗೋ ತಡೆದುಕೊಂಡವು. ಅವುಗಳಿಗೆ ಹಳೆಯ ವಿದ್ಯಾರ್ಥಿಗಳ ದತ್ತಿಯ ಬಲವಿತ್ತು. ಹೊಸ ವಿಶ್ವವಿದ್ಯಾನಿಲಯಗಳಿಗೆ ಆ ಬಲವಿರಲಿಲ್ಲ.

ಇಲ್ಲಿ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಇಷ್ಟೊಂದು ಜನಕ್ಕೆ ಉಪಯೋಗವಾಗುತ್ತಿದ್ದ ವ್ಯವಸ್ಥೆಯು ಹೋಗುವಾಗ ಹಣ ಕೊಡುತ್ತಿದ್ದ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನ ಸುಮ್ಮನಿದ್ದರೇಕೆ? ಪ್ರತಿಭಟನೆಗಳು ನಡೆದವು, ನಿಜ. ಆದರೆ ಅವು ಒಕ್ಕೂಟಗಳಲ್ಲಿ ತೊಡಗಿದ್ದವರ ಪ್ರತಿಭಟನೆಗಳು. ಉಳಿದವರಿಗೆ ತಮ್ಮ ಹಣದಿಂದ ನಡೆಯುವುದೇನೆಂಬುದೇ ತಿಳಿದಿರಲಿಲ್ಲ. ತಾವು ಕಾಣದ ಲೆಕ್ಕವನ್ನು ಕಾಪಾಡಲು ಯಾರೂ ಬೀದಿಗಿಳಿಯುವುದಿಲ್ಲ. 2005ರ ಘಟನೆಗಳಿಂದ ನಾವು ಕಲಿಯಬೇಕಾದ ಮುಖ್ಯ ಪಾಠ ಇದೇ ಎಂದು ನಮಗೆ ತೋರುತ್ತದೆ.

ಮತ್ತೆ ಶುಲ್ಕ, ಆದರೆ ಕಟ್ಟುಪಾಡಿನೊಂದಿಗೆ

2008ರಲ್ಲಿ ಯುವಜನ ಮತ್ತು ಕ್ರೀಡಾ ಸಚಿವೆ ಕೇಟ್ ಎಲ್ಲಿಸ್ ವರ್ಷಕ್ಕೆ 250 ಡಾಲರು ಮಿತಿಯ ಹೊಸ ಶುಲ್ಕವೊಂದನ್ನು ಪ್ರಕಟಿಸಿದರು. 2009ರಲ್ಲಿ ಆ ಮಸೂದೆ ಸೆನೆಟ್‌ನಲ್ಲಿ ಬಿದ್ದಿತು. ಕೊನೆಗೆ 2011ರ ಅಕ್ಟೋಬರ್‌ನಲ್ಲಿ ಅದಕ್ಕೆ ಅಂಗೀಕಾರ ದೊರೆತು 2012ರಿಂದ ಶುಲ್ಕ ಜಾರಿಗೆ ಬಂದಿತು. ಆ ವರ್ಷದ ಮಿತಿ 263 ಡಾಲರು. ಈ ಮಿತಿಯು ಬೆಲೆ ಸೂಚಿಗೆ ಅನುಗುಣವಾಗಿ ವರ್ಷ ವರ್ಷವೂ ಏರುತ್ತದೆ. ಪೂರ್ಣಕಾಲಿಕರಲ್ಲದವರಿಂದ ಗರಿಷ್ಠ ಮಿತಿಯ ನೂರಕ್ಕೆ 75ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಅರ್ಹ ವಿದ್ಯಾರ್ಥಿಗಳು ಇದನ್ನು ಸರಕಾರಿ ಸಾಲದ ಖಾತೆಗೆ ಸೇರಿಸಿ ಮುಂದೆ ತೀರಿಸಬಹುದು.

ಹಳೆಯ ಶುಲ್ಕಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ಕಟ್ಟುಪಾಡಿನಲ್ಲಿದೆ. ಹಣವನ್ನು ಬಳಸಬಹುದಾದ ಬಾಬುಗಳನ್ನು ಶಾಸನವೇ ಪಟ್ಟಿ ಮಾಡಿದೆ. ವಿದ್ಯಾರ್ಥಿಗಳ ಕ್ರೀಡೆ ಮತ್ತು ಮನೋರಂಜನೆ ಅವುಗಳಲ್ಲಿ ಒಂದು. ರಾಜಕೀಯ ಪಕ್ಷಗಳಿಗಾಗಲಿ ಚುನಾವಣಾ ಅಭ್ಯರ್ಥಿಗಳಿಗಾಗಲಿ ಅದನ್ನು ಬಳಸುವಂತಿಲ್ಲ. ವೆಚ್ಚದ ಆದ್ಯತೆಗಳ ಬಗೆಗೆ ಚುನಾಯಿತ ವಿದ್ಯಾರ್ಥಿ ಪ್ರತಿನಿಧಿಗಳೊಂದಿಗೆ ಸಮಾಲೋಚಿಸಬೇಕು. 2024ರಲ್ಲಿ ಅಂಗೀಕೃತವಾದ ಇನ್ನೊಂದು ಶಾಸನದ ಪ್ರಕಾರ, 2025ರಿಂದ ಈ ಹಣದ ನೂರಕ್ಕೆ 40 ಪಾಲಾದರೂ ವಿದ್ಯಾರ್ಥಿಗಳೇ ನಡೆಸುವ ಸಂಸ್ಥೆಗಳಿಗೆ ಸಲ್ಲಬೇಕು. ಹಾಗಾಗಿ ಯಾವ ಕ್ರೀಡಾ ಸಂಸ್ಥೆಯನ್ನು ವಿದ್ಯಾರ್ಥಿಗಳ ಸಂಸ್ಥೆಯೆಂದು ಎಣಿಸಬೇಕು, ಯಾವುದನ್ನು ವಿಶ್ವವಿದ್ಯಾನಿಲಯದ ಇಲಾಖೆಯೆಂದು ಎಣಿಸಬೇಕು ಎಂಬುದು ಈಗ ಹಣದ ಪ್ರಶ್ನೆಯೂ ಆಗಿದೆ.

ಮೊತ್ತದ ಅರಿವಿಗಾಗಿ ಒಂದು ಸರಳ ಲೆಕ್ಕ ಹಾಕೋಣ. ಮೂವತ್ತು ಸಾವಿರ ವಿದ್ಯಾರ್ಥಿಗಳು ತಲಾ 365 ಡಾಲರು ಕೊಟ್ಟರೆ ವರ್ಷಕ್ಕೆ 1 ಕೋಟಿ 9 ಲಕ್ಷ 50 ಸಾವಿರ ಡಾಲರು. ಒಂದು ಮನೆಯ ಇಬ್ಬರು ಮಕ್ಕಳು ಮೂರು ಮೂರು ವರ್ಷ ಓದಿದರೆ ಆ ಮನೆಯ ಪಾಲು 2,190 ಡಾಲರು. ಇದು ಸಣ್ಣ ಹಣವೇನಲ್ಲ. ಆದರೆ ಇದರಲ್ಲಿ ಕ್ರೀಡೆಗೆ ಎಷ್ಟು, ಅದರಲ್ಲಿಯೂ ಎಲ್ಲರೂ ಬಳಸುವ ಮೈದಾನಕ್ಕೆ ಎಷ್ಟು, ಕೆಲವೇ ಉನ್ನತ ಕ್ರೀಡಾಪಟುಗಳ ತರಬೇತಿಗೆ ಎಷ್ಟು, ಹುಡುಗಿಯರ ಆಟಗಳಿಗೆ ಎಷ್ಟು ಎಂದು ಕೇಳಿದರೆ ಉತ್ತರ ಒಂದೊಂದು ಕಡೆ ಒಂದೊಂದು ವಿವರದಲ್ಲಿ ಸಿಗುತ್ತದೆ. ಎಲ್ಲ ವಿಶ್ವವಿದ್ಯಾನಿಲಯಗಳೂ ಒಂದೇ ನಮೂನೆಯಲ್ಲಿ ಆಟವಾರು ಆಯವ್ಯಯವನ್ನು ಸಲ್ಲಿಸಬೇಕೆಂಬ ಶಾಸನ ಈ ದೇಶದಲ್ಲಿಲ್ಲ.

ಅಮೆರಿಕದ ಬಹಿರಂಗ ಲೆಕ್ಕ

ಅಂಥ ಶಾಸನವಿರುವುದು ಅಮೆರಿಕದಲ್ಲಿ. ರೈಲ್ವೆ ಕಂಪೆನಿಯ ಹಣದಿಂದ ಆರಂಭವಾದ ಅಲ್ಲಿನ ಕಾಲೇಜು ಕ್ರೀಡೆ ಎಷ್ಟು ಬೆಳೆಯಿತೆಂದರೆ, 1929ರಲ್ಲಿಯೇ ಕಾರ್ನೆಗೀ ಪ್ರತಿಷ್ಠಾನದ ವರದಿಯೊಂದು ಆಟಗಾರರಿಗೆ ಗುಟ್ಟಾಗಿ ಹಣ ಕೊಟ್ಟು ಕರೆತರುವ ಪದ್ಧತಿಯನ್ನು ಬಯಲಿಗೆಳೆಯಿತು. 1994ರಲ್ಲಿ ಅಲ್ಲಿನ ಸಂಸತ್ತು ಕ್ರೀಡಾ ಸಮಾನತೆಯ ಬಗೆಗೆ ಲೆಕ್ಕ ಪ್ರಕಟಿಸುವ ಶಾಸನವನ್ನು ಮಾಡಿತು. ಸರಕಾರದ ವಿದ್ಯಾರ್ಥಿ ನೆರವನ್ನು ಪಡೆಯುವ, ಅಂತರ ಕಾಲೇಜು ಕ್ರೀಡೆಗಳನ್ನು ನಡೆಸುವ ಸಹಶಿಕ್ಷಣ ಕಾಲೇಜುಗಳು ಪ್ರತಿವರ್ಷ ಗಂಡು, ಹೆಣ್ಣು ಆಟಗಾರರ ಸಂಖ್ಯೆ, ತರಬೇತುದಾರರ ವೇತನ, ತಂಡಗಳ ಆದಾಯ, ವೆಚ್ಚ ಇವನ್ನು ಪ್ರಕಟಿಸಬೇಕು. ಯಾರು ಬೇಕಾದರೂ ಅದನ್ನು ನೋಡಬಹುದು.

ಇಷ್ಟಾದರೂ ಅಲ್ಲಿ ವೆಚ್ಚ ಇಳಿಯಲಿಲ್ಲ, ಏರುತ್ತಲೇ ಹೋಯಿತು. ಅನೇಕ ಕಾಲೇಜುಗಳಲ್ಲಿ ಸಾಮಾನ್ಯ ವಿದ್ಯಾರ್ಥಿಗಳ ಶುಲ್ಕದ ಒಂದು ಭಾಗ ಕ್ರೀಡಾ ವಿಭಾಗದ ಕೊರತೆಯನ್ನು ತುಂಬಲು ಹೋಗುತ್ತದೆ. 2025ರ ಜೂನ್‌ನಲ್ಲಿ ನ್ಯಾಯಾಲಯವು ಒಪ್ಪಿದ ಒಂದು ರಾಜಿಯಂತೆ, ಪ್ರತಿಯೊಂದು ವಿಶ್ವವಿದ್ಯಾನಿಲಯವೂ ತನ್ನ ಆಟಗಾರರಿಗೆ 2025-26ರಲ್ಲಿ 2 ಕೋಟಿ 5 ಲಕ್ಷ ಡಾಲರುಗಳವರೆಗೆ ನೇರವಾಗಿ ಹಂಚಬಹುದು. ಮೆಲ್ಬರ್ನ್‌ನ ವಿದ್ಯಾರ್ಥಿಗಳು 1911ರಲ್ಲಿ ಬೇಡವೆಂದ ದಾರಿಯನ್ನು ಅಮೆರಿಕದ ಕಾಲೇಜುಗಳು ನೂರ ಹದಿನಾಲ್ಕು ವರ್ಷಗಳ ಅನಂತರ ಅಧಿಕೃತವಾಗಿ ಹಿಡಿದವು.

ಇದು ನಮಗೆ ದೂರದ ಸುದ್ದಿಯಲ್ಲ. ಮೆಲ್ಬರ್ನ್‌ನಲ್ಲಿ ಹುಟ್ಟಿದ ಬ್ಯಾಸ್ಕೆಟ್‌ಬಾಲ್ ಆಟಗಾರ ಆ್ಯಂಡ್ರೂ ಬೋಗಟ್ ಯೂಟಾ ವಿಶ್ವವಿದ್ಯಾನಿಲಯದಲ್ಲಿ ಆಡಿ 2005ರಲ್ಲಿ ಅಮೆರಿಕದ ವೃತ್ತಿಪರ ಲೀಗಿನ ಮೊದಲ ಆಯ್ಕೆಯಾದರು. ಅದೇ ಊರಿನಲ್ಲಿ ಹುಟ್ಟಿದ ಬೆನ್ ಸಿಮನ್ಸ್ 2016ರಲ್ಲಿ ಅದೇ ಗೌರವ ಪಡೆದರು. ಈ ದಾರಿಯನ್ನು ಕಂಡು ಇಲ್ಲಿನ ತರುಣ ತರುಣಿಯರು ಕ್ರೀಡಾ ವಿದ್ಯಾರ್ಥಿವೇತನ ಪಡೆದು ಅಲ್ಲಿಗೆ ಹೋಗುತ್ತಾರೆ. ನಮ್ಮ ಮಕ್ಕಳಲ್ಲಿ ಯಾರಿಗಾದರೂ ಅಂಥ ಕರೆ ಬಂದರೆ, ಆ ಕಾಲೇಜು ಸಲ್ಲಿಸಿದ ಲೆಕ್ಕವನ್ನು ತಂದೆತಾಯಿಗಳು ಮೊದಲು ಓದಬೇಕು. ಆ ಆಟಕ್ಕೆ ಅಲ್ಲಿ ಎಷ್ಟು ವೆಚ್ಚವಾಗುತ್ತದೆ, ಎಷ್ಟು ಜನ ಆಡುತ್ತಾರೆ ಎಂಬುದು ಅದರಲ್ಲಿ ಇರುತ್ತದೆ.

ಅಮೆರಿಕದಲ್ಲಿ ಲೆಕ್ಕ ತೆರೆದಿದೆ, ಆದರೆ ವೆಚ್ಚಕ್ಕೆ ಕಡಿವಾಣವಿಲ್ಲ. ಆಸ್ಟ್ರೇಲಿಯದಲ್ಲಿ ವೆಚ್ಚ ಮಿತವಾಗಿದೆ, ಆದರೆ ಲೆಕ್ಕ ಅರೆತೆರೆದಿದೆ. ಇವೆರಡನ್ನೂ ಒಟ್ಟಿಗೆ ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ: ಲೆಕ್ಕವನ್ನು ಪ್ರಕಟಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅದನ್ನು ಓದುವವರು ಬೇಕು, ಓದಿ ಕೇಳುವವರು ಬೇಕು.

ನಮ್ಮ ಕರ್ತವ್ಯ

ಕರ್ನಾಟಕದ ಕಾಲೇಜುಗಳಲ್ಲಿ ಓದಿದವರೆಲ್ಲರೂ ಶುಲ್ಕದ ರಸೀತಿಯಲ್ಲಿ ವಾಚನಾಲಯ ಶುಲ್ಕ, ಪ್ರಯೋಗಶಾಲಾ ಶುಲ್ಕಗಳ ಸಾಲಿನಲ್ಲಿ ಕ್ರೀಡಾ ಶುಲ್ಕ ಎಂಬುದನ್ನೂ ಕಂಡಿದ್ದಾರೆ. ಅದು ಎಲ್ಲಿ ಹೋಗುತ್ತದೆಂದು ಕೇಳುವ ಅಭ್ಯಾಸ ನಮ್ಮಲ್ಲಿರಲಿಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂದು ನಕ್ಕು ಸುಮ್ಮನಾಗುವುದೇ ರೂಢಿ. ಭಾರತದಲ್ಲಿ ಮಾಹಿತಿ ಹಕ್ಕಿನ ಕಾಯಿದೆ ಪೂರ್ಣವಾಗಿ ಜಾರಿಗೆ ಬಂದದ್ದು 2005ರ ಅಕ್ಟೋಬರ್ 12ರಂದು. ಆ ಬಳಿಕ ಸರಕಾರಿ ಕಾಲೇಜಿನ ಇಂಥ ಲೆಕ್ಕವನ್ನು ಕೇಳುವ ಹಕ್ಕು ಪ್ರತಿಯೊಬ್ಬ ನಾಗರಿಕನಿಗೂ ದೊರೆಯಿತು. ಎರಡು ತಿಂಗಳೊಳಗೆ ಆಸ್ಟ್ರೇಲಿಯದ ಸಂಸತ್ತು ಶುಲ್ಕವನ್ನೇ ರದ್ದುಪಡಿಸಿತು. ಒಂದು ದೇಶ ಕೇಳುವ ಹಕ್ಕನ್ನು ಕೊಟ್ಟಿತು. ಇನ್ನೊಂದು ದೇಶ ಕೊಡದಿರುವ ಹಕ್ಕನ್ನು ಕೊಟ್ಟಿತು. ಕೊಡದಿರುವ ಹಕ್ಕಿನಿಂದ ಮೈದಾನಗಳು ಬಡವಾದವು. ಕೇಳುವ ಹಕ್ಕಿನಿಂದ ಯಾವ ಮೈದಾನವೂ ಬಡವಾಗುವುದಿಲ್ಲ.

ಇಲ್ಲಿಯೂ ಆ ಹಕ್ಕಿಗೆ ದಾರಿಗಳಿವೆ. ವಿಕ್ಟೋರಿಯದ 1982ರ ಮಾಹಿತಿ ಸ್ವಾತಂತ್ರ್ಯ ಕಾಯಿದೆಯೂ ನ್ಯೂ ಸೌತ್ ವೇಲ್ಸ್‌ನ 2009ರ ಸರಕಾರಿ ಮಾಹಿತಿ ಕಾಯಿದೆಯೂ ಸಾರ್ವಜನಿಕ ವಿಶ್ವವಿದ್ಯಾನಿಲಯಗಳಿಗೆ ಅನ್ವಯಿಸುತ್ತವೆ. ಅಷ್ಟು ದೂರ ಹೋಗುವ ಮೊದಲು, ಶುಲ್ಕದ ಹಂಚಿಕೆಯ ಬಗೆಗೆ ವಿಶ್ವವಿದ್ಯಾನಿಲಯವೇ ಪ್ರಕಟಿಸುವ ವರದಿಯನ್ನು ನಮ್ಮ ಮಕ್ಕಳು ಒಮ್ಮೆ ಓದಲಿ. ಸಮಾಲೋಚನೆಗೆ ಕರೆದಾಗ ಹೋಗಲಿ. ವಿದ್ಯಾರ್ಥಿ ಪ್ರತಿನಿಧಿಗಳ ಚುನಾವಣೆಯಲ್ಲಿ ಮತ ಹಾಕಲಿ. ತಾವು ಆಡದಿದ್ದರೂ ಆಟದ ಲೆಕ್ಕದಲ್ಲಿ ತಮಗೆ ಪಾಲುಂಟೆಂದು ತಿಳಿಯಲಿ.

ಕನ್ನಡ ನಾಡಿನ ಗುಡಿಗಳ ಮುಂದೆ ನಿಂತಿರುವ ದಾನಶಾಸನಗಳನ್ನು ನೆನೆಯಿರಿ. ಇಂಥವರು, ಇಷ್ಟು ಭೂಮಿಯನ್ನು, ಇಂಥ ಸೇವೆಗಾಗಿ, ಇಂಥ ಎಲ್ಲೆಯೊಳಗೆ ಕೊಟ್ಟರೆಂದು ಕಲ್ಲಿನ ಮೇಲೆ ಕೊರೆದು ಎಲ್ಲರ ಕಣ್ಣಿಗೆ ಬೀಳುವಲ್ಲಿ ನಿಲ್ಲಿಸಿದರು. ದಾನವನ್ನು ಕಾಪಾಡುವ ಉಪಾಯ ಅದನ್ನು ಬಹಿರಂಗಗೊಳಿಸುವುದೇ ಎಂಬ ತಿಳಿವು ನಮ್ಮ ಹಿರಿಯರಿಗಿತ್ತು. ಈ ದೇಶದಲ್ಲಿ ನಮ್ಮ ಕನ್ನಡ ಸಂಘಗಳಂಥ ಕೂಟಗಳೂ ವಿಶ್ವವಿದ್ಯಾನಿಲಯದ ಸಣ್ಣ ಕ್ಲಬ್ಬುಗಳೂ ಬಹುಮಟ್ಟಿಗೆ ಒಂದೇ ಬಗೆಯ ರಾಜ್ಯ ಶಾಸನಗಳ ಅಡಿಯಲ್ಲಿ ನೋಂದಣಿಯಾಗುತ್ತವೆ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆಯಲ್ಲಿ ಲೆಕ್ಕಪತ್ರವನ್ನು ಮಂಡಿಸುವುದು ಎಲ್ಲರಿಗೂ ಕರ್ತವ್ಯ. ಆ ಸಭೆಗೆ ಎಷ್ಟು ಜನ ಬರುತ್ತೇವೆ, ಖಜಾಂಚಿಯವರು ಲೆಕ್ಕ ಓದುವಾಗ ಎಷ್ಟು ಜನ ಕೇಳುತ್ತೇವೆ ಎಂಬುದನ್ನು ನಾವೇ ಯೋಚಿಸಬೇಕು. ಮಕ್ಕಳು ಲೆಕ್ಕ ಕೇಳುವುದನ್ನು ಕಲಿಯುವುದು ನಮ್ಮನ್ನು ನೋಡಿಯೇ.

ಮುಂದಿನ ವರ್ಷ ನಮ್ಮ ಮನೆಯಿಂದ ವಿಶ್ವವಿದ್ಯಾನಿಲಯಕ್ಕೆ ಹೋಗುವ ಹುಡುಗಿ ಹಾಕಿ ಆಡಬಹುದು, ಆಡದೆಯೂ ಇರಬಹುದು. ಅದು ಅವಳ ಇಷ್ಟ. ಆದರೆ ಅವಳ ಶುಲ್ಕದಿಂದ ಯಾರೋ ಒಬ್ಬ ಬಡ ವಿದ್ಯಾರ್ಥಿ ದೋಣಿ ನಡೆಸುವುದು ಸಾಧ್ಯವಾದರೆ ಅದು ಅವಳಿಗೆ ತಿಳಿದಿರಬೇಕು. ತಿಳಿದರೆ ಸಂತೋಷದಿಂದ ಕೊಟ್ಟಾಳು, ಅದನ್ನು ಉಳಿಸಲು ನಾಲ್ಕು ಮಾತೂ ಆಡಿಯಾಳು. ಆ ಹಣ ಪೋಲಾಗುತ್ತಿದ್ದರೆ ಅದೂ ತಿಳಿದಿರಬೇಕು. ಎರಡಕ್ಕೂ ಬೇಕಾದದ್ದು ಒಂದೇ ಬಹಿರಂಗ ಲೆಕ್ಕ.